ತಲೆ ಒಣಗುವ ತನಕ

ಮೊನ್ನೆ ಚಾಮರಾಜನಗರದ ಮಿಲ್ಲಿಗೆ ರಾಗಿ ಬೀಸಿಸಲು ಹೋಗಿದ್ದೆ. ಪಕ್ಕದ ಯಂತ್ರದಲ್ಲಿ ಯಾರದೋ ಸೀಗೆಕಾಯಿ ಬೀಸುತ್ತಿದ್ದರು. ಆ ಘಾಟಿಗೆ ಎಲ್ಲರಿಗೂ ಸೀನು ಬಂತು, ನನಗೆ ಸಿಟ್ಟು ಬಂತು. ಅತ್ತಿಗೆಯ ಹಿತ್ತಲಿನ ಬಚ್ಚಲಲ್ಲೂ ಇದೇ ವಾಸನೆ...

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಗುಂಡ್ಲುಪೇಟೆಯಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಮನೆ ಅವರ ಕೈಯಲ್ಲಿತ್ತು. ನಾನು ಆರನೇ ತರಗತಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ಭೀಮನಬೀಡಿನಲ್ಲಿ ನಾನು ಎಬ್ಬಿಸಿದ ಗೋಡೆ ಒಂದೂ ಬಿರುಕು ಬಿಟ್ಟಿಲ್ಲ, ಬೇಕಾದವರು ಹೋಗಿ ನೋಡಬಹುದು. ನನ್ನ ಹೆಂಡತಿ ಎಎನ್‌ಎಂ ಓದಿ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಳು. ಎಷ್ಟು ದುಡಿದರೂ ಅಲ್ಲಿ ಅವಳು ಸಹಾಯಕಿಯೇ. ಜಿಎನ್‌ಎಂ ಮುಗಿಸಿ ರಿಜಿಸ್ಟರ್ ಆದರೆ ಸ್ಟಾಫ್ ನರ್ಸ್ ಆಗಬಹುದೆಂದು ಚಾಮರಾಜನಗರದಲ್ಲಿ ಮೂರು ವರ್ಷದ ಕೋರ್ಸಿಗೆ ಸೇರಿದಳು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಭಾನುವಾರ ಮತ್ತೆ ಅದೇ ನರ್ಸಿಂಗ್ ಹೋಮು. ಮಗಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಹಗಲು ನಾನು ನೋಡಿಕೊಳ್ಳುತ್ತೇನೆ ಎಂದವರು ಅತ್ತಿಗೆಯೇ.

ನೋಡಿಕೊಂಡರು. ಸುಳ್ಳು ಹೇಳಬಾರದು, ಹೊಟ್ಟೆ ತುಂಬ ಉಣಿಸಿದರು. ಆದರೆ ಒಂದು ಕಟ್ಟಳೆ ಇಟ್ಟರು. ಹೆರಿಗೆ ಎಂದರೆ ಪುರುಡು, ಮೈಲಿಗೆ. ನನ್ನ ಹೆಂಡತಿ ಹೆರಿಗೆ ವಾರ್ಡಿನಿಂದ ಬರುವವಳು. ಹಿತ್ತಲ ಕಡೆಯಿಂದ ಬಂದು, ತಲೆಗೆ ನೀರು ಹುಯ್ದುಕೊಂಡು, ತಲೆ ಒಣಗುವ ತನಕ ಮಗು ಮುಟ್ಟಬಾರದು. ಬರೀ ಪಾಠ ಕೇಳಿ ಬಂದ ದಿನವೂ ಅಷ್ಟೇ. ಅಣ್ಣ ಸಾವಿನ ಮನೆಯಿಂದ ಬಂದರೆ ಮಾತ್ರ ಕೈಕಾಲು ತೊಳೆದರೆ ಸಾಕಿತ್ತು. ಅತ್ತಿಗೆಯ ಇಬ್ಬರು ಗಂಡುಮಕ್ಕಳನ್ನು ಹೊರಗೆ ತಂದದ್ದು ಯಾರ ಕೈ, ನರ್ಸಿನ ಕೈಯಲ್ಲವೇ?

ಆಸ್ಪತ್ರೆಯಿಂದ ಬಂದವರು ಸ್ನಾನ ಮಾಡುವುದು ಒಳ್ಳೆಯದೇ ಎಂದು ನನ್ನ ಹೆಂಡತಿ ಒಪ್ಪಿಕೊಂಡುಬಿಟ್ಟಳು. ಸೊಂಟದವರೆಗಿನ ಕೂದಲು ಅವಳದು. ಅದು ಒಣಗುವಷ್ಟರಲ್ಲಿ ಮಗು ಅತ್ತಿಗೆಯ ಮಡಿಲಲ್ಲಿ ನಿದ್ದೆ ಹೋಗಿರುತ್ತಿತ್ತು. ಬೇಗ ಒಣಗಲೆಂದು ಒಂದು ದಿನ ಕೂದಲನ್ನೇ ಕತ್ತರಿಸಿಕೊಂಡು ಬಂದಳು. ಅತ್ತಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿ, “ಓದದ್ಕ ಓಗಿದ್ದಾ, ಸಿನ್ಮಾಕ ಸೇರ್ಕಂಡಾ?” ಅಂದರು. ಮಾರನೆಯ ದಿನದಿಂದ ದೀಪ ಹಚ್ಚುವ ತನಕ ಬಚ್ಚಲಿಗೆ ಬಿಡಲಿಲ್ಲ.

ಮೂರನೇ ವರ್ಷ. ಒಂದು ಸಂಜೆ ಮಗಳಿಗೆ ಜ್ವರ ಬಂದಿತ್ತು. ಇವಳು ಬಸ್ಸಿಳಿದವಳೇ ಬ್ಯಾಗು ಎಸೆದು ಎತ್ತಿಕೊಳ್ಳಲು ಹೋದಳು. ಕೆಂಡದಂತೆ ಸುಡುತ್ತಿದ್ದ ಮಗು ಗೋಡೆಗೆ ಸರಿದು ಕೂತಿತು.

“ಮುಟ್ಬ್ಯಾಡ. ಪುರುಡು. ಅವ್ವ ಬಯ್ತದ.”

ಅವ್ವ ಎಂದರೆ ಅತ್ತಿಗೆ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಆ ನಗು...

“ಓದದ ಬುಟ್ಬುಡ್ತೀನಿ ಕಣ್ರೀ, ನಂಗ ಕೂಸು ಬೇಕು” ಅಂದಳು ನನ್ನ ಹೆಂಡತಿ.

“ಗೋಡ ಎಬ್ಸಿ ತಾರ್ಸಿ ಆಕ್ದೆ ಬುಡದಾ? ಬ್ಯಾರೆ ಮನ ಮಾಡನ ಕಣಮ್ಮಿ” ಅಂದೆ.

ವಾರದೊಳಗೆ ಚಾಮರಾಜನಗರದಲ್ಲಿ ಬಾಡಿಗೆ ಮನೆ ಹಿಡಿದೆ. ಮಗಳು ಅತ್ತಿಗೆಯ ಸೆರಗು ಬಿಡಲಿಲ್ಲ, ಬಿಡಿಸಿಕೊಂಡು ಹೊರಟೆ. ಬಾಗಿಲಿಗೆ ಬಂದ ಅತ್ತಿಗೆ ಅಂದದ್ದು ಇಷ್ಟು: “ಎತ್ಕಂಡೋಗ್ಲಾ. ಅದ್ರ ಬಾಯಿಂದ ಅವ್ವ ಅನ್ನದ ಬುಡ್ಸು ನೋಡನ.”

ಬಿಡಿಸಲು ಆಗಲಿಲ್ಲ. ಉಮ್ಮತ್ತೂರಿನ ಕಡೆ ಕೆಲಸ ಹಿಡಿದು, ಮಗಳನ್ನು ಮರಳಿನ ರಾಶಿಯ ಮೇಲೆ ಆಡಲು ಬಿಟ್ಟು ದುಡಿದೆ. ಇವಳು ಪಾಸಾದಳು, ರಿಜಿಸ್ಟರ್ ಆದಳು, ಈಗ ಸ್ಟಾಫ್ ನರ್ಸ್. ಕಾಲೇಜಿಗೆ ಹೋಗುವ ಮಗಳು ಇವಳನ್ನು ಅಮ್ಮ ಎನ್ನುತ್ತಾಳೆ, ಮೇಡಂ ಎಂದಷ್ಟೇ ಮರ್ಯಾದೆಯಿಂದ. ರಜೆ ಬಂದರೆ ಗುಂಡ್ಲುಪೇಟೆಯ ಬಸ್ಸು ಹತ್ತುತ್ತಿದ್ದಳು.

ಹೋದ ತಿಂಗಳು ಅತ್ತಿಗೆ ತೀರಿಕೊಂಡರು. ಹೋಗಿ ಮಣ್ಣು ಹಾಕಿ ಬಂದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ತಂದುಕೊಳ್ಳಲೂ ಇಲ್ಲ. ಮನೆಗೆ ಬಂದ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿ ಅತ್ತಳು. ವಾರ್ಡಿನಲ್ಲಿ ಯಾರ ಮಗು ಅತ್ತರೂ ಎತ್ತಿಕೊಳ್ಳುವ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. ಆಮೇಲೆ, “ನೀವೇ ಓಗಿ ಕೂತ್ಕಳಿ, ನಾ ಓದ್ರ ಸುಮ್ನಾಗ್ಬುಡ್ತಳ” ಅಂದಳು.

ಕೂತೆ. ಮಗಳು ಅಳುತ್ತಲೇ ಇದ್ದಳು. ಅಡುಗೆಮನೆಯಲ್ಲಿ ಇವಳು ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಆ ಮೂರು ವರ್ಷ ವಾಪಸು ಕೊಡಿ ಎಂದು ಜಗಳ ಕಾಯಲೂ ಈಗ ಆ ಮನೆಯಲ್ಲಿ ಅತ್ತಿಗೆ ಇಲ್ಲ.