ಪಂಡರಿಯವರ ಡೊಳ್ಳು, ಅಂಬರೀಷನ ಪೆಟ್ಟಿಗೆ

ಅಂಬರೀಷ ಹೋದ ತಿಂಗಳು, ಒಂದು ಬುಧವಾರ ಮಧ್ಯಾಹ್ನ, ಘಾಟಬೋರಾಳದ ತನ್ನ ಮನೆಯಲ್ಲಿ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ನಲವತ್ತಾರು ವಯಸ್ಸು. ನಾನು ಪಕ್ಕದಲ್ಲೇ ಕೂತಿದ್ದೆ.

ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಮದುವೆಗೆ, ಭಜನೆಗೆ ಬೇಕಾದ ಸೌಂಡ್ ಪೆಟ್ಟಿಗೆಗಳನ್ನು ತಾನೇ ಪ್ಲೈವುಡ್ ಕೊಯ್ದು ಮಾಡುತ್ತಿದ್ದ. ಶಟರ್ ಎಳೆದ ಆ ಅಂಗಡಿಯ ಮುಂದೆ ಹಾಯಬೇಕಾದೀತೆಂದು ನಾನೀಗ ಸುತ್ತುಬಳಸಿ ಹೋಗುತ್ತೇನೆ.

ಕುರಿ ಸಾಕುವ ಮನೆತನ ಅವರದು. ತಂದೆ ಪಂಡರಿ ಸೋಮವಾರ ಬಂತೆಂದರೆ ಬೀರದೇವರ ಗುಡಿಯ ಮುಂದೆ ಡೊಳ್ಳು ಬಾರಿಸುತ್ತಿದ್ದರು. "ಕುರಿ ಕಾಯೋ ಅಂದ್ರ ಡಬ್ಬಾ ಕಾಯಾಕತ್ತಾನ ನೋಡ್ರಿ ನನ್ನ ಮಗ," ಎಂದು ತಾಯಿ ಚಂದಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಪಂಡರಿ ತೀರಿಹೋದ ಮೇಲೆ ಆ ನಗು ನಿಂತಿತು. ಕಿವಿಯೂ ಮಂದವಾಯಿತು.

ಅವರ ಡೊಳ್ಳಿನ ದನಿ ಉಳಿದದ್ದು ಅಂಬರೀಷನ ಮೊಬೈಲಿನಲ್ಲಿ ಮಾತ್ರ, ಗುಡಿಯ ಬಯಲಲ್ಲಿ ನಿಂತು ರೆಕಾರ್ಡ್ ಮಾಡಿದ ಒಂದು ತುಣುಕು. ಕೇಳಿಸಿದಾಗ ಚಂದಮ್ಮ ಮೊಬೈಲನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

"ತಗಡು ಬಡಿದಂಗ ಅದ. ನಿಮ್ಮಪ್ಪ ಹೊಡದ್ರ ಇಲ್ಲಿ ಕೇಳಸ್ತಿತ್ತು," ಎಂದು ಎದೆಗೂಡಿನ ಕೆಳಗೆ ಕೈ ಇಟ್ಟುಕೊಂಡರು.

ಇದು ಅಪ್ಪನದೇ ಡೊಳ್ಳು ಎಂದು ತಾಯಿ ಒಮ್ಮೆ ಗುರುತಿಸಬೇಕು. ಅಂದಿನಿಂದ ಅವನಿಗೆ ಅದೊಂದೇ ಹಂಬಲ. ಅದಕ್ಕೆಂದೇ ದಪ್ಪ ದನಿಯ ಪೆಟ್ಟಿಗೆ, ಒಂದು ಸಬ್‌ವೂಫರ್ ಕಟ್ಟಿದ. ಮುಂದೆ ದುಂಡನೆಯ ತೂತು, ತೂತಿನೊಳಗೆ ನೀರಿನ ಪೈಪಿನ ತುಂಡು. ಸ್ಪೀಕರಿನ ಹಿಂದಿನ ಗಾಳಿ ಆ ಪೈಪಿನಿಂದ ಹೊರಬಂದು ದಪ್ಪ ದನಿಗೆ ಬಲ ಕೊಡಬೇಕು. ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರದ ಪಟ್ಟಿಯನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಸ್ಪೀಕರಿನ ಕೋನ್, ಅಂದರೆ ದನಿ ಹೊರಡಿಸುವ ಕಾಗದದ ಪರದೆ, ಹುಚ್ಚೆದ್ದಂತೆ ಹೊಯ್ದಾಡಿ ಹರಿಯಿತು.

"ಡೊಳ್ಳು ಬಾರಿಸೋ ಅಂದ್ರ ರೊಟ್ಟಿ ಬಡದಿ," ಎಂದೆ.

ಅವನು ನಗಲಿಲ್ಲ. ಹುಮನಾಬಾದಿಗೆ ಹೋಗಿ ಹೊಸ ಕೋನ್ ಹಾಕಿಸಿ ತಂದ, ಮತ್ತೆ ಅದನ್ನೇ ಮಾಡಿ ಮತ್ತೆ ಹರಿದುಕೊಂಡ. ಅಪ್ಪ ಎಂದರೆ ಎಲ್ಲಕ್ಕಿಂತ ಆಳದಲ್ಲೇ ಇರಬೇಕೆಂಬ ಹಟ ಅವನದು.

ಕೊನೆಗೊಂದು ದಿನ, ತುಣುಕಿನ ತುದಿಯಲ್ಲಿ ಡೊಳ್ಳು ನಿಂತ ಮೇಲೂ ಕೋನ್ ನಡುಗುತ್ತಲೇ ಇರುವುದನ್ನು ನೋಡಿದ.

"ಲೇ, ಇದು ಗಾಳಿ! ಬಯಲ ಗಾಳಿ ಮೊಬೈಲಿಗಿ ಬಡದದ್ದು. ಇಷ್ಟು ದಿನ ನಾ ಎತ್ತಿದ್ದು ಅಪ್ಪನ್ನಲ್ಲೋ, ಗಾಳೀನ."

ಪೈಪಿಗೆ ಅದರದೇ ಒಂದು ಸ್ವರವಿರುತ್ತದೆ. ಗಾಳಿಯ ಸದ್ದಿನ ಹಾಗೆ ದನಿ ಅದಕ್ಕಿಂತ ಕೆಳಗೆ ಇಳಿದರೆ ಪೆಟ್ಟಿಗೆಯೊಳಗಿನ ಗಾಳಿ ಕೋನನ್ನು ತಡೆದು ಹಿಡಿಯುವುದಿಲ್ಲ. ಆ ಕೆಳಗಿನದನ್ನೆಲ್ಲ ಕತ್ತರಿಸಿ ಹಾಕಿದ. ಪೈಪಿನ ಸ್ವರಕ್ಕಿಂತ ತುಸು ಮೇಲೆ, ಅಂಗೈ ಪೆಟ್ಟು ಬೀಳುವ ಜಾಗವನ್ನು ಮಾತ್ರ ಎತ್ತಿದ. ಡೊಳ್ಳಿನ ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಬರಿಗೈ. ದಪ್ಪ ದನಿ ಬರುವುದು ಕೈಯ ಬದಿಯಿಂದ.

ಅವನು ತೀರಿಕೊಂಡ ಆ ಬುಧವಾರ ಪೆಟ್ಟಿಗೆಯನ್ನು ಊರಿಗೆ ಒಯ್ದೆವು. ಹೊತ್ತು ತಂದು ಇಳಿಸುವಾಗಲೇ ಬೆವರಿದ್ದ. ನೀರು ಕೊಟ್ಟರೆ ಆಮೇಲೆ ಅಂದ. ತಾಯಿಯನ್ನು ಎದುರಿಗೆ ಕೂರಿಸಿಕೊಂಡ.

"ಯವ್ವಾ, ಇದರ ಮ್ಯಾಲೆ ಕೈ ಇಡು."

ಡೊಳ್ಳು ಶುರುವಾಯಿತು. ಚಂದಮ್ಮ ಕಣ್ಣು ಮುಚ್ಚಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಯಾಕೋ, ಕೈಪೆಟ್ಟು ಜಾಸ್ತಿ ಆಗ್ಯಾದ. ನಿಮ್ಮಪ್ಪಂದು ಕೋಲು ಜೋರು, ಕೈ ಸಾವಕಾಶ. ಮಲಗಿದ ಕೂಸಿಗಿ ತಟ್ಟಿದಂಗ ಹೊಡೀತಿದ್ದ. ಹಿಂಗ್ಯಾಕ ಹೊಡ್ಯಾಕತ್ತಾನ ಇವತ್ತು?"

ಅಂಬರೀಷ ನನ್ನ ಕಡೆ ತಿರುಗಿದ. ಅಷ್ಟು ಅರಳಿದ ಮುಖ ನಾನು ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ.

"ಕೇಳಿದೇನೋ ದೋಸ್ತ? ಅಪ್ಪನ ಜೋಡಿ ಜಗಳಕ್ಕ ನಿಂತಾಳ!"

ಕೈ ಚಾಚಿ, ಕೈಪೆಟ್ಟಿನ ಆ ಪಟ್ಟಿಯನ್ನು ಒಂದಿಷ್ಟು ಕೆಳಗಿಳಿಸಿದ.