ಅರ್ಜಿಗೆ ಲಗತ್ತಿಸಿದ ಗೋಡೆ

ಬಣ್ಣ ಅಂದರೆ ಫೋಟೋ ಮೇಷ್ಟ್ರಿಗೆ ಆಗಿಬರುತ್ತಿರಲಿಲ್ಲ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ನೌಕರರ ಗುರುತಿನ ಚೀಟಿಗೆ ಫೋಟೋ ತೆಗೆದವರು. ಗದ್ದ ಎತ್ತಿ, ಅಲುಗಾಡಬೇಡಿ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳಿದ್ದಕ್ಕೇ ಆ ಹೆಸರು. ನಿವೃತ್ತರಾದ ಮೇಲೆ ಮೂತಿಗಳ ಸಹವಾಸ ಸಾಕೆಂದು ಕಟ್ಟಡಗಳ ಬೆನ್ನು ಹತ್ತಿದರು. ಅದೂ ಎಂಥ ಕಟ್ಟಡ? ಗಾರೆಯಿಲ್ಲ, ಸುಣ್ಣವಿಲ್ಲ, ಬರೀ ಕಾಂಕ್ರೀಟು. ಹಲಗೆ ಬಿಚ್ಚಿದ ಕೆಲಸಗಾರರು ಊಟಕ್ಕೆ ಹೋದವರು ವಾಪಸ್ಸೇ ಬಂದಿಲ್ಲವೇನೋ ಅನ್ನಿಸುವಂಥವು. ಅಂಥದ್ದೇ ಒಂದರ ಮೂರನೇ ಮಹಡಿಯಲ್ಲಿ ಅವರ ಸಂಸಾರ.

ಮಲಗುವ ಕೋಣೆಯ ಹೊರಗೋಡೆ ಒಸರುತ್ತಿತ್ತು. ಹಾಸಿಗೆಯ ತಲೆಬದಿಗೆಲ್ಲ ಬೂಷ್ಟು, ಹೆಂಡತಿಗೆ ಉಬ್ಬಸ. ಗೋಡೆ ರಿಪೇರಿಯಾಗದಿದ್ದರೆ ಇನ್ನೊಂದು ಮಳೆಗಾಲ ಕಳೆಯುವುದು ಕಷ್ಟ ಎಂದು ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದರು. ವಸತಿ ಮಂಡಳಿಯವರು ಅರ್ಜಿಯ ಜೊತೆ ಫೋಟೋ ಲಗತ್ತಿಸಿ ಅಂದರು.

"ನನ್ನ ಫೋನಲ್ಲೇ ಒಂದು ತೆಗೆದು ಕಳಿಸಿಬಿಡಿ," ಅಂದಳು ಹೆಂಡತಿ.

"ಅದರಲ್ಲಿ ಹಸಿರು, ಕೆಂಪು ಎಲ್ಲ ಬಂದು ಅಸಹ್ಯ ಆಗುತ್ತೆ ಕಣೇ."

ಅಯ್ಯೋ ಪುಣ್ಯಾತ್ಮ, ಅಸಹ್ಯ ಕಾಣಲಿ ಅಂತಲೇ ಅಲ್ಲವೇ ಅರ್ಜಿ! ಹೇಳುವವರು ಯಾರು? ಮೇಷ್ಟ್ರು ಕಪ್ಪುಬಿಳುಪು ರೀಲು ತುಂಬಿ, ಎದುರು ಕಟ್ಟಡದ ತಾರಸಿಯಲ್ಲಿ ಸ್ಟ್ಯಾಂಡು ಊರಿ, ಇಳಿಬಿಸಿಲು ಸರಿಯಾಗಿ ಓರೆ ಬೀಳಲೆಂದು ಇಪ್ಪತ್ತು ದಿನ ಆ ಗೋಡೆಯ ಮುಂದೆ ತಪಸ್ಸು ಮಾಡಿದರು. ಫೋಟೋದಲ್ಲಿ ತುಕ್ಕುನೀರು ಮೋಡವಾಯಿತು, ಪಾಚಿ ಮಖಮಲ್ಲಾಯಿತು.

ಅದನ್ನು ನೋಡಿದ ಇಂಜಿನಿಯರು ರಿಪೇರಿಯ ಮಾತು ಬಿಟ್ಟು "ಆಹಾ!" ಅಂದ. ಆ ಆಹಾ ಮೇಲಧಿಕಾರಿಯ ಮೇಜಿಗೆ ಹೋಯಿತು, ಅಲ್ಲಿಂದ ತಜ್ಞರ ಸಮಿತಿಗೆ. ಇದು ಕಾಂಕ್ರೀಟನ್ನು ಬೆತ್ತಲಾಗಿಯೇ ಬಿಡುವ ಬ್ರೂಟಲಿಸ್ಟ್ ಶೈಲಿಯ ಅಪರೂಪದ ಮಾದರಿ ಎಂದು ಸಮಿತಿ ಕಂಡುಹಿಡಿಯಿತು. ಅಂಥ ಕಟ್ಟಡದಲ್ಲಿ ಒಂದು ರಾತ್ರಿ ಮಲಗಿ ಎದ್ದವರು ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ, ಅದು ಬೇರೆ ಮಾತು. ಆರೇ ತಿಂಗಳಲ್ಲಿ ಆದೇಶ ಬಂತು: ಕಟ್ಟಡ ಸಂರಕ್ಷಿತ, ಗೋಡೆಗೆ ಗಾರೆಯಾಗಲಿ ಬಣ್ಣವಾಗಲಿ ಬಳಿಯತಕ್ಕದ್ದಲ್ಲ. ಜೊತೆಗೆ ಮೇಷ್ಟ್ರಿಗೆ ಸನ್ಮಾನ.

ವೇದಿಕೆ ಹತ್ತಿದ ಮೇಷ್ಟ್ರು ನಾಚಿಕೆಯಿಂದ ಕೊರಳ ಹಾರ ತೆಗೆದು ಮೇಜಿನ ಮೇಲಿಟ್ಟರು. "ಸ್ವಾಮಿ, ಇದು ಚಿತ್ರ ಗಿತ್ರ ಅಲ್ಲ, ದೂರು. ಗೋಡೆ ಸೋರ್ತಿದೆ, ನನ್ನವಳಿಗೆ ಉಸಿರಾಡಕ್ಕೆ ಆಗ್ತಿಲ್ಲ," ಅಂದರು.

"ಎಂಥ ವಿನಯ ನೋಡಿ!" ಅಂದರು ಅಧ್ಯಕ್ಷರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಪಕ್ಕದಲ್ಲಿ ಕೂತ ಹೆಂಡತಿಗೆ ಮೆಲ್ಲಗೆ, "ನಾಳೆ ನಿನ್ನ ಫೋನಲ್ಲೇ ತೆಗೀತೀನಿ ಕಣೇ, ಬಣ್ಣದಲ್ಲೇ. ಇನ್ನೊಂದು ಅರ್ಜಿ ಹಾಕೋಣ," ಅಂದರು.

ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಇಪ್ಪತ್ತು ದಿನ ಹೊರಗೆ ನಿಂತು ಆ ಗೋಡೆ ನೋಡಿದ್ರಿ. ಅದರ ಈಚೆಗೇ ನಾನು ಮಲಗಿದ್ದೆ. ಒಂದು ಸಲ ಒಳಗೆ ಬಂದು ಹೇಗಿದೀಯಾ ಅಂತ ಕೇಳಲಿಲ್ಲ ನೀವು."