ಅಪ್ಪ ಹೆಬ್ಬೆಟ್ಟು ಒತ್ತಲಿಲ್ಲ!

ಹೈಸ್ಕೂಲಿನ ಅರ್ಜಿಯಲ್ಲಿ ನನ್ನ ಐಚ್ಛಿಕ ವಿಷಯ ‘ಹೊಲಿಗೆ’ ಎಂದು ಹೆಡ್‌ಮಾಸ್ತರು ಬರೆದೇಬಿಟ್ಟಿದ್ದರು! ಅರವತ್ತರ ದಶಕದಲ್ಲಿ ಗಣಿ ಕೂಲಿಯವರ ಹೆಣ್ಣುಮಕ್ಕಳನ್ನು ಯಾರು ಕೇಳುತ್ತಿದ್ದರು? ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ, ಹೆಬ್ಬೆಟ್ಟು ಒತ್ತಲು ನೇರವಾಗಿ ಬಂದಿದ್ದ ಅಪ್ಪ ನನ್ನ ಮುಖ ನೋಡಿದ. “ವಿಜ್ಞಾನ” ಎಂದು ಪಿಸುಗುಟ್ಟಿದೆ.

“ಇವಳಿಗ್ಯಾಕಪ್ಪಾ ವಿಜ್ಞಾನ?” ಎಂದರು ಹೆಡ್‌ಮಾಸ್ತರು.

ಅಪ್ಪ ಬೆರಳು ಹಿಂದಕ್ಕೆಳೆದುಕೊಂಡ. “ಗಣಿ ಒಳಗೆ ಗಾಳಿ ಯಾವ ಕಡೆಯಿಂದ ಬತ್ತದೆ ಅಂತ ನಂಗೊತ್ತು ಸಾಮಿ. ಯಾಕೆ ಬತ್ತದೆ ಅಂತ ಇವ್ಳು ಓದ್ಲಿ. ಮೊದ್ಲು ಅದನ್ನ ಅಳ್ಸಿ, ಆಮೇಲೆ ಎಬ್ಬೆಟ್ಟು ಒತ್ತೀನಿ.”

ಹೊಲಿಗೆಯ ಮೇಲೆ ಗೀಟು ಬಿತ್ತು!

ಬಿಸಿ ಗಾಳಿ ಹಗುರ, ಅದು ಮೇಲೇರಿದಾಗ ಆ ಜಾಗಕ್ಕೆ ತಣ್ಣನೆಯ ಗಾಳಿ ನುಗ್ಗುತ್ತದೆ ಎಂಬ ಪಾಠವಾದ ದಿನ ಮನೆಗೆ ಓಡಿದೆ. ಅಪ್ಪ ಮೂರು ಸಲ ಹೇಳಿಸಿಕೊಂಡ. ಮರುದಿನ ಗಣಿಗಿಳಿದವನು ಜೊತೆಯವರಿಗೆಲ್ಲ ಅದೇ ಪಾಠ ಮಾಡಿ ಬಂದನಂತೆ!